ಗರ್ಭಕೋಶ ತೆಗೆಸುವ ಮುನ್ನ ಒಂದು ಲೆಕ್ಕ ಹಾಕಿ

"ಏನೇ, ಸೋಮವಾರ ಆಪರೇಷನ್ ಇಟ್ಕೊಂಡಿದ್ದಾರೆ. ಒಂದು ಹದಿನೈದು ದಿನ ಬಂದು ಮನೆ ನೋಡ್ಕೋತೀಯಾ?"

2022ರ ಶ್ರಾವಣದಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ಅಕ್ಕ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಬಂಗಾರಪೇಟೆಯ ನಮ್ಮ ಮನೆಯಲ್ಲಿ ಒಬ್ಬಟ್ಟಿಗೆ ಕಣಕ ನಾದುತ್ತಿದ್ದೆ. ಕೈಯೆಲ್ಲ ಎಣ್ಣೆ. ಯಾವ ಆಪರೇಷನ್ ಅಂತ ಕೇಳಿದರೆ, ಊರಿಗೆ ಹೋಗಿ ಬರ್ತೀನಿ ಅನ್ನೋ ಹಾಗೆ ಹೇಳಿದಳು: "ಗರ್ಭಕೋಶ ತೆಗೀತಾರಂತೆ ಕಣೇ. ತಿಂಗಳಿಗೆ ಹತ್ತು ದಿನ ಹೋಗ್ತಾನೇ ಇರುತ್ತಲ್ಲ, ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಬೇರೆ ಇದೆಯಂತೆ. ಎರಡು ಮಕ್ಕಳಾಗಿವೆಯಲ್ಲ, ಇನ್ಯಾಕಮ್ಮಾ ಇಟ್ಕೋಬೇಕು, ಬಿಟ್ರೆ ಕ್ಯಾನ್ಸರ್ ಆಗಬಹುದು ಅಂದ್ರು."

ಅಕ್ಕನಿಗೆ ಆಗ ನಲವತ್ತೊಂದು. ನರ್ಸಿಂಗ್ ಹೋಂನವರು ಹೇಳಿದ ಪ್ಯಾಕೇಜು ನಲವತ್ತೆಂಟು ಸಾವಿರ, ಔಷಧಿ ಬೇರೆ. ಭಾವ ಆಗಲೇ ಅಕ್ಕನ ಎರಡೆಳೆ ಸರವನ್ನು ಅಡ ಇಡಲು ಮಾತಾಡಿ ಬಂದಿದ್ದರು. ಚಿನ್ನ ತೆಗೆದ ಊರಿನಲ್ಲಿ ಚಿನ್ನ ಅಡ ಇಡದ ಮನೆ ಹುಡುಕಿದರೂ ಸಿಗೋದಿಲ್ಲ ಬಿಡಿ.

ನನಗೆ ಒಂದೇ ವಿಷಯ ಕೊರೆಯತೊಡಗಿತು. ಇದೇ ಅಕ್ಕ ಹಿಂದಿನ ವಾರವಷ್ಟೇ ಮಗಳಿಗೊಂದು ಚೂಡಿದಾರ್ ತೆಗೆಯಲು ನಾಲ್ಕು ಅಂಗಡಿ ಹತ್ತಿ ಇಳಿದು, ಬಣ್ಣ ಹೋಗುತ್ತಾ, ಒಗೆದರೆ ಕುಗ್ಗುತ್ತಾ, ಮೊನ್ನೆ ಎದುರಂಗಡಿಯಲ್ಲಿ ನೂರು ರೂಪಾಯಿ ಕಡಿಮೆ ಇತ್ತಲ್ಲಾ ಅಂತೆಲ್ಲ ಜಗಳ ಆಡಿದ್ದಳು. ಅದೇ ಮೈಯೊಳಗಿನ ಒಂದು ಅಂಗವನ್ನು ತೆಗೆಯುವ ಮಾತು ಬಂದಾಗ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬಂದಿದ್ದಳು! ನೀವಾದರೂ ಕೇಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ.

ಕೇಳದ ಅಭ್ಯಾಸ ಎಲ್ಲಿಂದ ಬಂತು?

ಕೆಜಿಎಫ್ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮ ಅಜ್ಜ ಗಣಿಯಲ್ಲಿದ್ದರು. ಮನೆಯಲ್ಲಿ ಯಾರಿಗೆ ಏನಾದರೂ ಚಾಂಪಿಯನ್ ರೀಫ್‌ನ ಕಂಪೆನಿ ಆಸ್ಪತ್ರೆಗೆ ಓಟ. ಅಲ್ಲಿ ಹೆರಿಗೆ, ಅಲ್ಲೇ ಮುರಿದ ಕೈಗೆ ಪ್ಲಾಸ್ಟರು, ಕಲ್ಲುಪುಡಿ ಕುಡಿದು ಕೆಟ್ಟ ಶ್ವಾಸಕೋಶಕ್ಕೂ ಅಲ್ಲೇ ಹಾಸಿಗೆ. ಬಿಲ್ಲು ಅನ್ನೋದೇ ಇರಲಿಲ್ಲ. ದೊಡ್ಡ ಡಾಕ್ಟರು ಹೇಳಿದ್ದು ವೇದವಾಕ್ಯ. ಯಾಕೆ, ಬೇರೆ ಏನಾದರೂ ಇದೆಯಾ ಅಂತ ಕೇಳುವ ಅಗತ್ಯವೇ ಅಜ್ಜನಿಗೆ ಬರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಆಸ್ಪತ್ರೆಯೂ ನಮ್ಮ ಪಾಲಿಗೆ ಹೋಯಿತು. ಅಲ್ಲಿಂದೀಚೆಗೆ ಪ್ರತಿ ಮಾತ್ರೆಗೂ ನಮ್ಮ ಸೆರಗಿನ ಗಂಟೇ ಬಿಚ್ಚಬೇಕು, ಇಲ್ಲವೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಆದರೆ ಕೇಳದೇ ಇರುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ದುಡ್ಡು ಕೊಡುವವರು ನಾವಾದರೂ ಬಾಯಿ ಮಾತ್ರ ಅಜ್ಜನ ಕಾಲದ್ದೇ.

ನನಗೆ ಇದರಲ್ಲಿ ಇನ್ನೊಂದು ಹಳೆಯ ನೋವೂ ಇದೆ. ನಮ್ಮಮ್ಮನಿಗೆ ಮೂವತ್ತಾರು ವರ್ಷಕ್ಕೇ ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಗರ್ಭಕೋಶ ತೆಗೆದರು. "ಎಲ್ಲಾ ಕ್ಲೀನ್ ಮಾಡಿದ್ದೀವಿ" ಅಂದರಂತೆ. ಆ 'ಎಲ್ಲಾ'ದಲ್ಲಿ ಎರಡೂ ಅಂಡಾಶಯ ಸೇರಿತ್ತು ಅಂತ ನಮಗೆ ಗೊತ್ತಾಗಿದ್ದು ಹದಿನೆಂಟು ವರ್ಷದ ಮೇಲೆ, ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ, ಮೂಳೆ ಡಾಕ್ಟರು ಹಳೆಯ ಕಾಗದ ಕೇಳಿದಾಗ. ಅಂಡಾಶಯ ಹೋದರೆ ಮುಟ್ಟು ನಿಲ್ಲುವ ಕಾಲ ರಾತ್ರೋರಾತ್ರಿ ಬಂದುಬಿಡುತ್ತೆ, ಮೂಳೆ ಬೇಗ ಸವೆಯುತ್ತೆ, ಹೃದಯಕ್ಕೂ ಒಳ್ಳೇದಲ್ಲ. ಅಮ್ಮನ ಕೈ ಮುರಿದಿದ್ದು ಅದಕ್ಕೇ ಅಂತ ನಾನು ಹೇಳಲಾರೆ. ಜಾರಿದರೆ ಯಾರ ಕೈಯಾದರೂ ಮುರಿಯುತ್ತೆ. ಆದರೆ ಆ ವಯಸ್ಸಿಗೆ ಬಿಸಿಯುಬ್ಬರ, ರಾತ್ರಿ ನಿದ್ದೆಯಿಲ್ಲ, ಸಿಡಿಸಿಡಿ. ಅಮ್ಮನಿಗೆ ಸಿಟ್ಟು ಜಾಸ್ತಿ ಅಂತ ನಾವೆಲ್ಲ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರಿಗೆ ಗರ್ಭಕೋಶ ತೆಗೆದಾಗಿತ್ತು. ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಜನಕ್ಕೆ ಆಗ ಸುಮಾರು 34 ವರ್ಷ, ಇಲ್ಲವೇ ಅದಕ್ಕೂ ಕಡಿಮೆ! ಹೆಚ್ಚಿನವರು ಹೇಳಿದ ಕಾರಣ ಅತಿಯಾದ ರಕ್ತಸ್ರಾವ. ಮೂರರಲ್ಲಿ ಎರಡರಷ್ಟು ಆಪರೇಷನ್ ಖಾಸಗಿ ಆಸ್ಪತ್ರೆಗಳಲ್ಲಿ. ನಮ್ಮ ಕಲಬುರಗಿಯಲ್ಲೇ ಲಂಬಾಣಿ ತಾಂಡಾಗಳ ಹೆಂಗಸರು, ದಲಿತ ಹೆಂಗಸರು ಅನಗತ್ಯವಾಗಿ ಗರ್ಭಕೋಶ ತೆಗೆದರು ಅಂತ 2015ರಲ್ಲಿ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಬೇರೆ ರಾಜ್ಯಗಳ ಇಂಥದ್ದೇ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು.

ಚೀಟಿ ಎತ್ತಿ ಹೋಲಿಸಿದವರು

ಸರಿ, ಒಂದೇ ತೊಂದರೆಗೆ ಎರಡು ಮೂರು ಚಿಕಿತ್ಸೆ ಇದ್ದರೆ ಯಾವುದು ಮೇಲು ಅಂತ ತಿಳಿಯೋದು ಹೇಗೆ? ಪಕ್ಕದ ಮನೆಯವರಿಗೆ ವಾಸಿಯಾಯಿತು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ದುಡ್ಡಿರುವವರು ಒಂದನ್ನ ಆರಿಸ್ತಾರೆ, ಇಲ್ಲದವರು ಇನ್ನೊಂದನ್ನ. ಗಟ್ಟಿಮುಟ್ಟಾದವರು ಒಂದು ಕಡೆ, ನಿತ್ರಾಣದವರು ಒಂದು ಕಡೆ ಆಗಿಬಿಡುತ್ತೆ. ಅದಕ್ಕೇ ಸಂಶೋಧನೆ ಮಾಡುವ ವೈದ್ಯರು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡ್ತಾರೆ. ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಇನ್ನೊಂದು. ಆಮೇಲೆ ವರ್ಷಗಟ್ಟಲೆ ಕಾದು ನೋಡ್ತಾರೆ. ಯಾರು ಹುಷಾರಾದರು, ಯಾರಿಗೆ ತೊಂದರೆಯಾಯಿತು, ಎಷ್ಟು ಖರ್ಚಾಯಿತು ಅಂತ.

ನಮ್ಮ ವಿಷಯದಲ್ಲೇ ಫಿನ್ಲೆಂಡ್ ದೇಶದಲ್ಲಿ ಇಂಥ ಒಂದು ಹೋಲಿಕೆ ನಡೆದಿದೆ. ಅತಿ ಮುಟ್ಟಿನ ತೊಂದರೆಯಿದ್ದ 236 ಹೆಂಗಸರು. ಅರ್ಧ ಜನಕ್ಕೆ ಗರ್ಭಕೋಶ ತೆಗೆಯೋದು, ಇನ್ನರ್ಧ ಜನಕ್ಕೆ ಹಾರ್ಮೋನ್ ಇರುವ ವಂಕಿ. ವಂಕಿ ಅಂದರೆ ಕಾಪರ್-ಟಿ ಥರದ್ದೇ, ಆದರೆ ತಾಮ್ರದ ಬದಲು ಸ್ವಲ್ಪ ಸ್ವಲ್ಪವೇ ಹಾರ್ಮೋನ್ ಬಿಡುತ್ತೆ, ಗರ್ಭಕೋಶದ ಒಳಪದರ ತೆಳ್ಳಗಾಗಿ ಸ್ರಾವ ಇಳಿಯುತ್ತೆ. (ಮಾಮೂಲಿ ತಾಮ್ರದ ಕಾಪರ್-ಟಿಯಿಂದ ಸ್ರಾವ ಹೆಚ್ಚೇ ಆಗಬಹುದು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.) ಐದು ವರ್ಷದ ನಂತರದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆರೋಗ್ಯ, ನೆಮ್ಮದಿ ಎರಡರಲ್ಲೂ ಎರಡು ಗುಂಪಿನವರೂ ಹೆಚ್ಚು ಕಡಿಮೆ ಸಮಸಮ. ವಂಕಿ ಹಾಕಿಸಿಕೊಂಡ ಗುಂಪಿನಲ್ಲಿ ನೂರಕ್ಕೆ 42 ಜನ ಕೊನೆಗೆ ಆಪರೇಷನ್‌ಗೇ ಹೋದರು. ಅಷ್ಟಾದರೂ ಆ ಗುಂಪಿನ ಒಟ್ಟು ಖರ್ಚು ತಲೆಗೆ 2,817 ಡಾಲರ್, ಆಪರೇಷನ್ ಗುಂಪಿನದು 4,660 ಡಾಲರ್!

ಆ 42 ಅನ್ನೋ ಅಂಕಿಯನ್ನ ನಾನು ಬೇಕಂತಲೇ ಬರೆದಿದ್ದೀನಿ. ವಂಕಿ ಮಂತ್ರದಂಡವೇನಲ್ಲ. ಆದರೆ ನೂರಕ್ಕೆ 58 ಜನರ ಗರ್ಭಕೋಶ ಅವರಲ್ಲೇ ಉಳಿಯಿತಲ್ಲ, ಅದೂ ಸಣ್ಣ ಮಾತಲ್ಲ.

ಇಂಗ್ಲೆಂಡಿನಲ್ಲಿ 571 ಹೆಂಗಸರ ಮೇಲೆ ವಂಕಿಯನ್ನು ಮಾಮೂಲಿ ಮಾತ್ರೆಗಳ ಜೊತೆ ಹೋಲಿಸಿದರು. 2013ರಲ್ಲಿ ಬಂದ ವರದಿಯಂತೆ ಎರಡು ವರ್ಷದಲ್ಲಿ ಎರಡು ಗುಂಪಿಗೂ ಸುಧಾರಿಸಿತು, ವಂಕಿಯವರಿಗೆ ಸ್ವಲ್ಪ ಹೆಚ್ಚು. ಐದು ವರ್ಷ ಕಳೆದಾಗ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಮಾತ್ರೆಯೂ ಒಂದು ದಾರಿಯೇ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಮಾತ್ರೆಯನ್ನ ಸ್ರಾವ ಹೆಚ್ಚಿರುವ ಮೂರ್ನಾಲ್ಕು ದಿನ ತಗೊಂಡರೆ ಸಾಕು, ತಿಂಗಳೆಲ್ಲ ನುಂಗಬೇಕಿಲ್ಲ. ಹಾಗಂತ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ ಹಿಂದೆ ಆಗಿದ್ದವರು ಅದನ್ನ ಮುಟ್ಟಬಾರದು.

ಹಾಲಿನ ಪುಸ್ತಕದ ಹಿಂದಿನ ಹಾಳೆ

ಅಕ್ಕನ ವಿಷಯಕ್ಕೆ ಬರ್ತೀನಿ. ಭಾನುವಾರ ಬೆಳಿಗ್ಗೆ ರೈಲು ಹತ್ತಿ ಊರಿಗಾಂನಲ್ಲಿ ಇಳಿದು ಅವಳ ಮನೆಗೆ ಹೋದೆ. ಭಾವನಿಗೆ ಸಿಟ್ಟು, "ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಅಂತ. ಇಲ್ಲ ಭಾವ, ಆದರೆ ಇನ್ನೊಬ್ಬ ಡಾಕ್ಟರಿಗೂ ಗೊತ್ತಿರುತ್ತಲ್ಲ ಅಂದೆ. ಒಂದು ವಾರ ಮುಂದೆ ಹಾಕಿದರೆ ಜೀವಕ್ಕೇನೂ ಅಪಾಯ ಇಲ್ಲವಾ ಅಂತ ನರ್ಸಿಂಗ್ ಹೋಂಗೇ ಫೋನ್ ಮಾಡಿ ಕೇಳಿಸಿದೆ. ಇಲ್ಲ ಅಂದರು. ಅಲ್ಲಿಗೆ ಅರ್ಧ ಗೆದ್ದ ಹಾಗಾಯಿತು.

ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ರಿಪೋರ್ಟು ಎಲ್ಲ ಒಂದು ಫೈಲಿಗೆ ಹಾಕಿಕೊಂಡು ಕೋಲಾರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಎರಡು ಗಂಟೆ ಸಾಲು. ಒಳಗೆ ಕೂತಿದ್ದ ಮೇಡಂ ಮೊದಲು ನೋಡಿದ್ದು ಹಿಮೋಗ್ಲೋಬಿನ್. ಏಳೂ ಮುಕ್ಕಾಲು. "ಇಷ್ಟು ರಕ್ತ ಇಟ್ಕೊಂಡು ಆಪರೇಷನ್‌ಗೆ ಹೊರಟಿದ್ರಾ?" ಅಂದರು. ಗಡ್ಡೆ ಎರಡು ಸೆಂಟಿಮೀಟರ್, ಅದೂ ಗರ್ಭಕೋಶದ ಹೊರಮೈಗೆ. ಇಂಥ ಗಡ್ಡೆ ಎಷ್ಟೋ ಹೆಂಗಸರಿಗೆ ಇರುತ್ತೆ, ಇದು ಕ್ಯಾನ್ಸರ್ ಆಗೋದು ತೀರಾ ಅಪರೂಪ ಅಂದರು. ಆಮೇಲೆ ಎರಡು ಪರೀಕ್ಷೆ ಬರೆದುಕೊಟ್ಟರು. ಗರ್ಭಕೋಶದ ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ, ಮತ್ತೆ ಥೈರಾಯ್ಡ್. ಕ್ಯಾನ್ಸರ್ ಭಯ ಹೋಗಬೇಕಾದರೆ ಬಯಾಪ್ಸಿ ಮಾಡಬೇಕು, ಸುಮ್ಮನೆ ಭಯ ಬಿದ್ದರೆ ಏನು ಬಂತು? ಅದು ಸರಿಯಾಗಿತ್ತು. ಥೈರಾಯ್ಡ್ ಸರಿಯಾಗಿರಲಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮುಟ್ಟು ಜಾಸ್ತಿ ಹೋಗುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆ ಒಂದು ರಕ್ತಪರೀಕ್ಷೆಯನ್ನ ಮೊದಲಿನವರು ಮಾಡಿಸೇ ಇರಲಿಲ್ಲ.

ಸಂಜೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಟು ಎಳೆದು ಕೂತೆವು. ಒಂದು ಕಡೆ ಆಪರೇಷನ್: ಪ್ಯಾಕೇಜು ನಲವತ್ತೆಂಟು ಸಾವಿರ, ಔಷಧಿ ಆರು ಸಾವಿರ, ಅಡದ ಬಡ್ಡಿ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಆರು ವಾರ ಮಿಷನ್ ತುಳಿಯುವ ಹಾಗಿಲ್ಲ, ದಸರಾ ಸೀಸನ್ನು ಪೂರ್ತಿ ಹೋಯಿತು. ಅದಕ್ಕೊಂದು ಒಂಬತ್ತು ಸಾವಿರ. (ಈ ಸಾಲನ್ನ ಭಾವ ಬರೆದೇ ಇರಲಿಲ್ಲ. ನಮ್ಮ ದುಡಿಮೆ ಲೆಕ್ಕದ ಪುಸ್ತಕಕ್ಕೆ ಬರೋದು ನಿಂತಾಗ ಮಾತ್ರ!) ಇನ್ನೊಂದು ಕಡೆ ಮಾತ್ರೆ, ಪರೀಕ್ಷೆಗಳು, ಥೈರಾಯ್ಡ್ ಮಾತ್ರೆ, ಬೇಕಾದರೆ ವಂಕಿಗೆ ಐದೂವರೆ ಸಾವಿರ, ಕೋಲಾರಕ್ಕೆ ಆರು ಸಲ ಬಸ್ ಚಾರ್ಜು. ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಲಿಲ್ಲ. ಕೆಳಗೆ ಅಕ್ಕನೇ ಇನ್ನೊಂದು ಸಾಲು ಬರೆದಳು: 'ಇದು ಆಗದಿದ್ದರೆ?' ಆಗ ಈ ಹದಿನಾಲ್ಕೂ ಹೋಯಿತು, ಆ ಖರ್ಚೂ ತಪ್ಪಲಿಲ್ಲ. ಅದನ್ನ ಒಪ್ಪಿಕೊಂಡೇ ಅವಳು ಎರಡನೇ ಕಡೆಗೆ ಟಿಕ್ ಹಾಕಿದ್ದು.

ಎಲ್ಲ ಸಲೀಸಾಗಿ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಮೂರು ತಿಂಗಳು ಮಾತ್ರೆ, ಕಬ್ಬಿಣಾಂಶದ ಮಾತ್ರೆ ತಗೊಂಡು ಹಿಮೋಗ್ಲೋಬಿನ್ ಹತ್ತಕ್ಕೆ ಬಂತು, ಸ್ರಾವ ಅರ್ಧಕ್ಕೆ ಇಳಿಯಿತು. ಆಮೇಲೆ ವಂಕಿ ಹಾಕಿಸಿದೆವು. ಮೊದಲ ನಾಲ್ಕು ತಿಂಗಳು ದಿನ ಬಿಟ್ಟು ದಿನ ಕಲೆ ಕಲೆ. "ನಿನ್ನ ಮಾತು ಕೇಳಿ ಕೆಟ್ಟೆ" ಅಂತ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಮನೆಗೆ ಹೋದರೂ ಮುಖ ಕೊಟ್ಟು ಮಾತಾಡಲಿಲ್ಲ. ಹೀಗಾಗಬಹುದು ಅಂತ ಮೇಡಂ ಮೊದಲೇ ಹೇಳಿದ್ದರು, ಆದರೆ ಕೇಳಿದ್ದು ಬೇರೆ, ಅನುಭವಿಸೋದು ಬೇರೆ. ಐದನೇ ತಿಂಗಳಿಂದ ನಿಂತಿತು. ಈಗ ತಿಂಗಳಿಗೆ ಎರಡು ದಿನ, ಅದೂ ಹೆಸರಿಗೆ. ಎರಡೆಳೆ ಸರ ಅವಳ ಕೊರಳಲ್ಲೇ ಇದೆ.

ಇದನ್ನ ಓದಿ ಆಪರೇಷನ್ ಅಂದರೇನೇ ಮೋಸ ಅಂದುಕೊಳ್ಳಬೇಡಿ, ದಯವಿಟ್ಟು. ನಮ್ಮ ಪಕ್ಕದ ಬೀದಿಯ ಆಂಟಿಗೆ ದೊಡ್ಡ ಗಡ್ಡೆಗಳು. ಒಂದೂವರೆ ವರ್ಷ ಮಾತ್ರೆ ನುಂಗಿ, ಎರಡು ಸಲ ರಕ್ತ ಹಾಕಿಸಿಕೊಂಡು ಬಳಲಿ, ಕೊನೆಗೆ ಗರ್ಭಕೋಶ ತೆಗೆಸಿಕೊಂಡರು. "ಮೊದಲೇ ಮಾಡಿಸ್ಕೋಬೇಕಿತ್ತು ಕಣಮ್ಮ" ಅಂತಾರೆ, ಸಂತೆಯಿಂದ ಎರಡು ಚೀಲ ತರಕಾರಿ ಹೊತ್ತುಕೊಂಡೇ. ಅವರ ಅಂಡಾಶಯಗಳನ್ನ ಉಳಿಸಿದ್ದಾರೆ. ಗಡ್ಡೆ ಒಳಗಿನ ಜಾಗವನ್ನೇ ತಿರುಚಿದ್ದರೆ ವಂಕಿ ಕೂರೋದಿಲ್ಲ. ಇನ್ನು ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೂ ಯಾವ ಲೆಕ್ಕವನ್ನೂ ಹಾಕುತ್ತಾ ಕೂರಬೇಡಿ, ಮಾರನೇ ದಿನವೇ ತೋರಿಸಿ. ಕ್ಯಾನ್ಸರ್ ಅಂತ ಪರೀಕ್ಷೆಯಲ್ಲಿ ಗೊತ್ತಾದರಂತೂ ವೈದ್ಯರು ಹೇಳಿದ ಹಾಗೆ ಕೇಳಬೇಕು.

ಆಪರೇಷನ್ನೇ ಬೇಕು ಅಂತಾದರೂ ಅದರಲ್ಲೂ ಬಗೆಗಳಿವೆ. ಹೊಟ್ಟೆ ಕೊಯ್ದು ತೆಗೆಯೋದು, ಸಣ್ಣ ತೂತು ಹಾಕಿ ಲ್ಯಾಪ್ರೊಸ್ಕೋಪಿಯಲ್ಲಿ ತೆಗೆಯೋದು, ಯೋನಿಯ ಮೂಲಕ ತೆಗೆಯೋದು. ಹೋಲಿಸಿ ನೋಡಿದವರ ಪ್ರಕಾರ, ಸಾಧ್ಯವಿರುವ ಕಡೆ ಯೋನಿಯ ಮೂಲಕ ತೆಗೆದರೆ ಹೊಟ್ಟೆ ಕೊಯ್ಯುವುದಕ್ಕಿಂತ ಬೇಗ ಚೇತರಿಕೆ, ಲ್ಯಾಪ್ರೊಸ್ಕೋಪಿಗಿಂತ ಅದು ಕಡಿಮೆಯದೇನೂ ಅಲ್ಲ. ಮಿಷನ್ ದೊಡ್ಡದು, ಬಿಲ್ಲು ದೊಡ್ಡದು ಅಂದ ಮಾತ್ರಕ್ಕೆ ಚಿಕಿತ್ಸೆಯೂ ದೊಡ್ಡದಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆಗೆ ಬರೆದುಕೊಡ್ತಾರೆ.

ಬಿಪಿ ಮಾತ್ರೆಗೂ ಇದೇ ಮಾತು

ಗರ್ಭಕೋಶ ಬಿಟ್ಟು ಬೇರೆ ಕಾಯಿಲೆಗೂ ಇಂಥ ಹೋಲಿಕೆಗಳಿವೆ. 2002ರಲ್ಲಿ ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಬಿಪಿ ರೋಗಿಗಳ ಮೇಲೆ ನಡೆದ ಹೋಲಿಕೆಯ ಫಲಿತಾಂಶ ಬಂತು. ಮೂತ್ರ ಹೆಚ್ಚಿಸುವ ಹಳೆಯ ಅಗ್ಗದ ಮಾತ್ರೆ ಕ್ಲೋರ್ಥಾಲಿಡೋನ್, ಹೃದಯಾಘಾತ ತಡೆಯುವುದರಲ್ಲಿ ಹೊಸ ದುಬಾರಿ ಮಾತ್ರೆಗಳಿಗಿಂತ ಹಿಂದೆ ಬೀಳಲಿಲ್ಲ. ಸ್ಟೆಂಟ್ ವಿಷಯವೂ ಹಾಗೇ. ನಡೆದಾಗ ಮಾತ್ರ ಎದೆ ಹಿಡಿಯುವ, ಸ್ಥಿರವಾಗಿರುವ ಹೃದಯದ ತೊಂದರೆಗೆ, ಮಾತ್ರೆ ಮಾತ್ರ ಕೊಟ್ಟವರಿಗಿಂತ ಸ್ಟೆಂಟನ್ನೂ ಹಾಕಿದವರು ಹೆಚ್ಚು ಕಾಲ ಬದುಕಲಿಲ್ಲ ಅಂತ 2007ರಲ್ಲಿ ಒಂದು ಅಧ್ಯಯನ ಹೇಳಿತು, 2020ರಲ್ಲಿ ಅದಕ್ಕಿಂತ ದೊಡ್ಡದೊಂದು ಮತ್ತೆ ಅದನ್ನೇ ಹೇಳಿತು. ಆದರೆ ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತೆ, ಆಗ ತಡಮಾಡಲೇಬೇಡಿ. ನಮ್ಮತ್ತೆಯ ಬಿಪಿ ಮಾತ್ರೆಯನ್ನ ಡಾಕ್ಟರನ್ನ ಕೇಳಿಯೇ ಜನೌಷಧಿ ಅಂಗಡಿಯದಕ್ಕೆ ಬದಲಾಯಿಸಿದೆವು. ಬಿಪಿ ಅಷ್ಟೇ ಇದೆ, ತಿಂಗಳ ಔಷಧಿ ಚೀಟಿ ಮಾತ್ರ ಇಳಿದಿದೆ. ಕೇಳದೆ ನಿಲ್ಲಿಸೋದು, ಬದಲಾಯಿಸೋದು ಮಾತ್ರ ಬೇಡ.

ಡಾಕ್ಟರ ಮುಂದೆ ಕೂತಾಗ ಬಾಯಿ ಒಣಗುತ್ತೆ, ಹೊರಗೆ ಮೂವತ್ತು ಜನ ಕಾಯ್ತಿರ್ತಾರೆ, ನಿಜ. ಒಬ್ಬರಂತೂ "ಮೊಬೈಲ್‌ನಲ್ಲಿ ಓದ್ಕೊಂಡ್ ಬಂದಿದ್ದೀರಾ?" ಅಂತ ನನ್ನನ್ನ ರೇಗಿದ್ದೂ ಉಂಟು. ಅದಕ್ಕೇ ನಾನೀಗ ಚೀಟಿಯಲ್ಲಿ ಬರೆದುಕೊಂಡೇ ಹೋಗ್ತೀನಿ. ಡಾಕ್ಟ್ರೇ, ನನ್ನ ಕಾಯಿಲೆಯ ಹೆಸರೇನು? ಇದಕ್ಕೆ ಬೇರೆ ಚಿಕಿತ್ಸೆ ಯಾವುದಿದೆ? ಮೂರು ತಿಂಗಳು ಕಾದರೆ ಏನಾಗುತ್ತೆ? ಏನೇನು ತೆಗೀತೀರಿ, ಏನನ್ನ ಬಿಡ್ತೀರಿ? ಇದೇ ಕಾಯಿಲೆ ನಿಮ್ಮ ಅಕ್ಕನಿಗೆ ಬಂದಿದ್ದರೆ ಯಾವುದನ್ನ ಹೇಳುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ಎಷ್ಟೋ ಡಾಕ್ಟರುಗಳು ಪೆನ್ನು ಕೆಳಗಿಟ್ಟು ಮಾತಾಡ್ತಾರೆ, ನೋಡಿ ಬೇಕಾದರೆ. ಸಹಿ ಹಾಕುವ ಕಾಗದ ನಿಮಗೆ ಓದಲು ಬರುವ ಭಾಷೆಯಲ್ಲಿದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಓದಿ ಹೇಳಿಸಿಕೊಳ್ಳಿ. ಡಿಸ್ಚಾರ್ಜ್ ಕಾಗದವನ್ನ ಮಾತ್ರ ಯಾವತ್ತೂ ಎಸೆಯಬೇಡಿ, ಅಮ್ಮನ ಕಥೆ ಹೇಳಿದೆನಲ್ಲ.

ಮೊನ್ನೆ ಭಾವನೇ ಫೋನ್ ಮಾಡಿದ್ದರು. ಮಂಡಿನೋವಿಗೆ ಯಾರೋ ಆಪರೇಷನ್ ಹೇಳಿದ್ದಾರಂತೆ. "ನಿಮ್ಮಕ್ಕ ಆ ಹಾಲಿನ ಪುಸ್ತಕ ತಗೊಂಡು ಕೂತಿದ್ದಾಳೆ, ಗೀಟೂ ಎಳೆದಾಯ್ತು. ಭಾನುವಾರ ಎಕ್ಸ್‌ರೇ ತಗೊಂಡು ಬರ್ತೀವಿ, ಮನೇಲಿರ್ತೀಯಾ?" ಅಂದರು. ಬನ್ನಿ ಭಾವ, ಸಂಜೆಗೆ ಪಾನಿಪುರಿ ನಿಮ್ಮ ಲೆಕ್ಕದಲ್ಲೇ ಅಂದಿದ್ದೀನಿ.